ಕರ್ನಲ್ ಹುಂಜದ ಎದೆತುಂಡು

"ಸತ್ತ ಹುಂಜಾನ ನೀವು ಮಣ್ಣು ಮಾಡ್ಲೇ ಇಲ್ಲ, ಅಲ್ವಾ ದೋನ್ಯಾ ಅನಾಕ್ಲೆತಾ?"

ಮುದುಕಿ ಅನಾಕ್ಲೆತಾಳ ಕೈಯಲ್ಲಿದ್ದ ಹಸಿರು ಬಾಳೆಕಾಯಿ ಜಾರಿ ನೀರಿನ ಬೋಗುಣಿಗೆ ಬಿತ್ತು. ಆಕೆ ಅದನ್ನು ಎತ್ತಿಕೊಳ್ಳಲಿಲ್ಲ. ಚಾಕುವನ್ನು ಸೆರಗಿನಂಥ ತನ್ನ ಏಪ್ರನ್ನಿಗೆ ಒರೆಸುತ್ತ ನಿಂತಳು.

"ಯಾರು ಹೇಳಿದ್ರು ನಿಂಗೆ?"

"ಯಾರೂ ಹೇಳ್ಲಿಲ್ಲ. ನಿಮ್ಮ ಪೇರಲೆ ಮರದ ಬುಡ ಕೆದಕಿ ನೋಡ್ದೆ. ಒಂದು ಗರಿ ಇಲ್ಲ, ಒಂದು ಮೂಳೆ ಇಲ್ಲ. ಮೇಲೆ ಶಿಲುಬೆ ಬೇರೆ ನೆಟ್ಟಿದಾನೆ ನಿಮ್ಮ ಮಗ ಲಿಬೊರಿಯೊ, ಪಾಪ."

"ಸತ್ತೋರ ಜಾಗ ಕೆದಕ್ತೀಯಲ್ಲೇ, ನಾಚಿಕೆ ಆಗಲ್ವಾ?"

"ಸತ್ತೋರು ಅಲ್ಲಿದ್ದಿದ್ರೆ ನಾಚ್ಕೋತಿದ್ದೆ."

ಹಿತ್ತಿಲ ಬಾಗಿಲಿನ ಮೆಟ್ಟಿಲ ಮೇಲೆ ಕುಳಿತಿದ್ದ ಬೆನಿಲ್ಡಾ ಮೋತಾ ಇಷ್ಟು ಹೇಳಿ ಸುಮ್ಮನಾದಳು. ಬಿಟ್ಟುಬಂದ ಪೊಲೀಸು ಕೆಲಸ ಅವಳಿಗೆ ಕಲಿಸಿದ್ದು ಎರಡೇ ವಿದ್ಯೆ: ಪ್ರಶ್ನೆ ಕೇಳುವುದು, ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರುವುದು. ಎರಡನೆಯದು ಬರದೆ ಹಾಳಾದ ಅಧಿಕಾರಿಗಳನ್ನು ಅವಳು ಬೇಕಾದಷ್ಟು ಕಂಡಿದ್ದಳು.

ಆಟಗಾರರ ಸಂಘ ಅವಳನ್ನು ಕರೆಸಿದ್ದು ಮುದುಕಿಯ ಇನ್ನೊಬ್ಬ ಮಗನಿಗಾಗಿ. ಪುಂತಾ ಸೋಕೊ ಬೇಸ್‌ಬಾಲ್ ತಂಡದಲ್ಲಿ ಚೆಂಡು ಎಸೆಯುವ ಹಿರಿಯ ಪಿಚರ್ ವಿಟೆರ್ಬೊನ ಮೂತ್ರದಲ್ಲಿ ನಿಷೇಧಿತ ಮದ್ದು ಸಿಕ್ಕಿತ್ತು. ಸೋಮವಾರ ಲೀಗಿನವರ ಮುಂದೆ ವಿಚಾರಣೆ. ಮದ್ದು ಮೈಗೆ ಹೊಕ್ಕಿದ್ದು ಹೇಗೆಂದು ಅಷ್ಟರೊಳಗೆ ತೋರಿಸದಿದ್ದರೆ ಅವನ ಆಟವೂ ಮುಗಿಯಿತು, ಹೆಸರೂ ಮುಗಿಯಿತು. ಇವತ್ತಾಗಲೇ ಶನಿವಾರ.

ಪ್ರಯೋಗಾಲಯದ ವೈದ್ಯೆ ನಿನ್ನೆ ಹೇಳಿದ ಒಂದು ಮಾತು ಬೆನಿಲ್ಡಾಳ ತಲೆಯಲ್ಲಿ ಕೂತಿತ್ತು. ಸಿಕ್ಕಿದ್ದು ಮನುಷ್ಯರ ಮದ್ದಲ್ಲ. ಕುದುರೆ, ದನ, ಕೋಳಿ ಅಂಕದಲ್ಲಿ ಕಾದಾಡುವ ಹುಂಜಗಳಿಗೆ ಮೈ ತುಂಬಲೆಂದು ಚುಚ್ಚುವಂಥದ್ದು. ಸಿಕ್ಕಿದ್ದೂ ಲವಲೇಶ. ಎಂದೋ ಚುಚ್ಚಿಕೊಂಡದ್ದರ ಉಳಿಕೆಯೂ ಆಗಿರಬಹುದು, ಅಂಥ ಪ್ರಾಣಿಯ ಮಾಂಸ ತಿಂದದ್ದೂ ಆಗಿರಬಹುದು. ಮೂತ್ರ ನೋಡಿ ಯಾವುದೆಂದು ಹೇಳಲು ಬರುವುದಿಲ್ಲ.

ವಿಟೆರ್ಬೊನ ಅಣ್ಣ ಲಿಬೊರಿಯೊ ಅಂಕದ ಹುಂಜ ಸಾಕುವವನು. ಅವನ ಹೆಸರಾಂತ ಹುಂಜ, ಊರೆಲ್ಲ 'ಕರ್ನಲ್' ಎಂದು ಕರೆಯುತ್ತಿದ್ದ ಹಸಿರು ಬಾಲದ ಹುಂಜ, ಮೂತ್ರ ಪರೀಕ್ಷೆಗೆ ಎರಡು ದಿನ ಮುಂಚೆ, ಮೂರು ವಾರದ ಹಿಂದಿನ ಭಾನುವಾರ, ಅಂಕದಲ್ಲಿ ಸತ್ತಿತ್ತು. ಅದಕ್ಕೇ ಬೆನಿಲ್ಡಾ ಬೆಳಗ್ಗೆ ಎದ್ದು ಕೋಲು ಹಿಡಿದು ಸಮಾಧಿ ಕೆದಕಿದ್ದು.

"ಆ ಭಾನುವಾರ ವಿಟೆರ್ಬೊ ಬಂದ," ಎಂದು ಮುದುಕಿ ಕೊನೆಗೆ ಬಾಯಿಬಿಟ್ಟಳು. "ಜೊತೇಲಿ ರಾದಮೆಸ್. ಹೇಳಿಲ್ಲ, ಕೇಳಿಲ್ಲ, ಹಸಿವು ಅಂತ ಬಂದು ಕೂತ್ರು. ಇಬ್ರೂ ಬಾಗಿಲಷ್ಟು ದಪ್ಪ. ನನ್ನ ಒಲೆ ಮೇಲಿದ್ದದ್ದು ಬರೀ ಹುರುಳಿ."

ರಾದಮೆಸ್ ಎಂದರೆ ತಂಡದ ಕ್ಯಾಚರ್. ವಿಟೆರ್ಬೊ ಎಸೆದ ಚೆಂಡನ್ನು ಹತ್ತು ವರ್ಷದಿಂದ ಹಿಡಿಯುತ್ತಿರುವವನು. ಅವನ ಮಗಳಿಗೆ ದೀಕ್ಷಾಸ್ನಾನ ಮಾಡಿಸಿದಾಗ ಧರ್ಮಪಿತನಾಗಿ ಎತ್ತಿಕೊಂಡವನು ವಿಟೆರ್ಬೊ. ಅಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಕರೆಯುವುದು 'ಕಂಪಾದ್ರೆ' ಎಂದೇ. ಆ ನಂಟು ಅಲ್ಲಿ ಒಡಹುಟ್ಟಿದವರಿಗಿಂತ ಒಂದು ಕೈ ಮೇಲು.

"ಅದೇ ಹೊತ್ತಿಗೆ ಲಿಬೊರಿಯೊ ಅಳ್ತಾ ಬಂದ," ಮುದುಕಿ ಮುಂದುವರಿಸಿದಳು. "ಹುಂಜಾನ ನನ್ನ ಕೈಗಿಟ್ಟ. 'ಅಮ್ಮಾ, ನನ್ನ ಕೈಲಾಗಲ್ಲ, ನೀನೇ ಮಣ್ಣು ಮಾಡು' ಅಂದ. ಒಳಗೆ ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗ್ದ. ಕೈಲಿ ಹಿಡ್ಕೊಂಡು ನೋಡ್ತೀನಿ, ಏನು ತೂಕ ಅಂತೀಯ! ಎದೆ ನೋಡಿದ್ರೆ ಕಲ್ಲಂಗಡಿ. ನೀನೇ ಹೇಳು, ಅಂಥದ್ದನ್ನ ಮಣ್ಣಿಗೆ ಹಾಕೋಕೆ ಮನಸ್ಸು ಬರುತ್ತಾ?"

"ನಂಗೂ ಬರ್ತಿರ್ಲಿಲ್ಲ."

"ಹಂಗನ್ನು ಮತ್ತೆ." ಮುದುಕಿಗೆ ಸ್ವಲ್ಪ ಧೈರ್ಯ ಬಂತು. "ಕಸಾವ ಗೆಣಸು, ಬಾಳೆಕಾಯಿ ಹಾಕಿ ಚೆನ್ನಾಗಿ ಕುದಿಸ್ದೆ. ಅಂಕದ ಹುಂಜ ಬೇಯೋದು ಸುಲಭ ಅನ್ಕೋಬೇಡ. ಆದ್ರೆ ಲಿಬೊರಿಯೊಗೆ ಒಂದು ತೊಟ್ಟೂ ಬಡಿಸ್ಲಿಲ್ಲ, ದೇವರಾಣೆ. ಅವನಿಗೆ ಹುರುಳೀನೇ ಹಾಕ್ದೆ. ಹುಂಜ ಸಾಕಿದೋನು ತನ್ನ ಹುಂಜಾನ ತಿಂತಾನಾ? ಅಷ್ಟು ಪಾಪ ನಾನು ಮಾಡೋಳಲ್ಲ."

"ಎದೆತುಂಡು ಯಾರಿಗೆ ಹೋಯ್ತು?"

"ಎರಡು ಭಾಗ ಮಾಡ್ದೆ. ಒಂದು ವಿಟೆರ್ಬೊಗೆ, ಒಂದು ರಾದಮೆಸ್‌ಗೆ. ಎಸೆಯೋನಿಗೂ ಹಿಡಿಯೋನಿಗೂ ಸಮ ಇರ್ಲಿ ಅಂತ."

ಬೆನಿಲ್ಡಾ ಮೆಲ್ಲಗೆ, ಆದಷ್ಟು ಮೆತ್ತಗೆ, ಹುಂಜದ ಮೈಯಲ್ಲಿ ಮದ್ದಿದ್ದಿರಬಹುದೆಂದು ವಿವರಿಸಿದಳು.

ಅನಾಕ್ಲೆತಾ ಮಣೆ ಎಳೆದುಕೊಂಡು ಕುಳಿತುಬಿಟ್ಟಳು.

"ಅಂದ್ರೆ ನನ್ನ ಮಗ ಕಳ್ಳ ಅನ್ನಿಸ್ಕೊಂಡಿದ್ದು ನನ್ನ ಕೈ ಅಡುಗೆಯಿಂದ," ಎಂದಳು.

"ಹಾಗಲ್ಲ, ದೋನ್ಯಾ."

"ಮತ್ತೆ ಹೇಗೆ?" ಆಕೆ ಚಾಕುವನ್ನು ಬದಿಗಿಟ್ಟಳು. "ಒಬ್ಬನ್ನ ಉಳಿಸೋಕೆ ಇನ್ನೊಬ್ಬನ್ನ ಹಿಡ್ಕೊಡಬೇಕು ಈಗ, ಹೌದಾ? ಹುಂಜಕ್ಕೆ ಮದ್ದು ಹಾಕ್ದೆ ಅಂತ ಲಿಬೊರಿಯೊ ಒಪ್ಕೊಂಡ್ರೆ ಅಂಕದೋರು ಅವನ್ನ ಹತ್ರ ಸೇರಿಸ್ತಾರಾ? ನಾನು ಬೇಯಿಸ್ದೆ ಅಂತ ಅವನಿಗೆ ಹೇಳ್ಬೇಡ ಕಣೇ. ನಿನ್ನ ಕಾಲಿಗೆ ಬೀಳ್ತೀನಿ."

ಬೆನಿಲ್ಡಾ ಮಾತು ಕೊಡಲಿಲ್ಲ. ಕೊಡುವ ಮನಸ್ಸೇನೋ ಇತ್ತು. ಬೋಗುಣಿಯಲ್ಲಿ ಬಿದ್ದ ಬಾಳೆಕಾಯಿ ಎತ್ತಿ ಮುದುಕಿಯ ಕೈಗಿಟ್ಟು, ಎದ್ದು ಹೊರಟಳು.

ಅಂಕದ ಕಡೆ ಹೋಗುವ ದಾರಿಯಲ್ಲಿ ಶಾಲೆಯ ಗೋಡೆ. ಗೋಡೆಯ ಮೇಲೆ ವಿಟೆರ್ಬೊನ ಆಳೆತ್ತರದ ಚಿತ್ರ. ಎಡಗಾಲು ಎತ್ತಿ ಚೆಂಡು ಎಸೆಯಲು ನಿಂತವನ ಕೈಯಲ್ಲಿ ಈಗ ಚೆಂಡಿರಲಿಲ್ಲ. ಯಾರೋ ಅದರ ಮೇಲೆ ಕಪ್ಪು ಬಣ್ಣದಲ್ಲಿ ದೊಡ್ಡದೊಂದು ಸೂಜಿ ಬರೆದಿದ್ದರು. ಬರೆದವನ ಕೈ ಚೆನ್ನಾಗಿತ್ತು ಎಂಬುದು ಬೆನಿಲ್ಡಾಳನ್ನು ಇನ್ನಷ್ಟು ಕೆರಳಿಸಿತು.

ಅದರೆದುರಿನ ಅಂಗಡಿಯ ನೆರಳಿನಲ್ಲಿ ನಾಲ್ವರು ಡಾಮಿನೋ ಆಡುತ್ತಿದ್ದರು. ಚಳಿಗಾಲದ ಲೀಗು ನಡೆಯುವಾಗ ಈ ಊರಿನಲ್ಲಿ ರೇಡಿಯೋ ಬಾಯಿ ಮುಚ್ಚುವುದುಂಟೇ? ಇವತ್ತು ಮುಚ್ಚಿತ್ತು.

"ಏನು ಬೆನಿಲ್ಡಾ, ಸಿಕ್ಕಿತಾ ಸೂಜಿ?" ಎಂದು ಒಬ್ಬ ಕೆಣಕಿದ.

"ನಿನ್ನ ನಾಲಿಗೇಲೇ ಇದೆಯಲ್ಲ."

ಉಳಿದವರು ನಕ್ಕರು. ಕ್ಷೌರದ ಫಾಬಿಯಾನ್ ಮಾತ್ರ ನಗಲಿಲ್ಲ. ಕೈಯಲ್ಲಿದ್ದ ಬಿಲ್ಲೆಯನ್ನು ಮೇಜಿನ ಮೇಲೆ ಇಡದೆ ಹಾಗೇ ಹಿಡಿದಿದ್ದ.

"ನಗೋ ವಿಷಯ ಅಲ್ಲ ಇದು," ಎಂದ. "ನಾನು ಅವನಿಗೋಸ್ಕರ ಅಂಗಡಿ ಮುಚ್ಚಿ ಮೈದಾನಕ್ಕೆ ಹೋದೋನು. ಗಂಟಲು ಹರಿಯೋ ಹಾಗೆ ಕೂಗ್ದೋನು. ಈಗ ರಾತ್ರಿ ಮಲಗಿದ್ರೆ ಒಂದೇ ಯೋಚನೆ. ನಾವು ಕೂಗಿದ್ದು ಯಾರಿಗೆ? ಅವನ ತೋಳಿಗಾ, ಸೂಜಿಗಾ?"

"ವಿಚಾರಣೆ ಆಗ್ಲಿ, ಫಾಬಿಯಾನ್."

"ವಿಚಾರಣೆ ನಿಮಗೆ. ನನ್ನ ಮಗನ ಹೆಸರು ವಿಟೆರ್ಬೊ ಅಂತ ಇಟ್ಟಿದೀನಿ. ಶಾಲೇಲಿ ಹುಡುಗ್ರು 'ಸೂಜಿ, ಸೂಜಿ' ಅಂತ ಕೂಗ್ತಾರಂತೆ. ಏನು ಹೇಳ್ಲಿ ಅವನಿಗೆ? ಹೆಸರು ವಾಪಸ್ ತಗೊಳ್ಳೋಕಾಗುತ್ತಾ?"

ಬೆನಿಲ್ಡಾ ಕೂಡ ಆ ಮೈದಾನದಲ್ಲಿ ಕೂಗಿದವಳೇ. ಕೆಲಸದ ಮೇಲಿರುವಾಗ ಅದನ್ನು ಹೇಳಿಕೊಳ್ಳಬಾರದೆಂದು ತುಟಿ ಕಚ್ಚಿಕೊಂಡಿದ್ದಳು, ಅಷ್ಟೆ. ಸಾರಿನ ಕತೆ ನಿಜವಾದರೆ ಮೊದಲು ಬಂದು ಈ ಫಾಬಿಯಾನನಿಗೇ ಹೇಳಬೇಕು ಎಂದುಕೊಂಡಳು.

ಲಿಬೊರಿಯೊ ಅಂಕದ ಹಿಂದಿನ ಅಂಗಳದಲ್ಲಿ ಒಂದು ಮರಿಹುಂಜವನ್ನು ತೊಡೆಯ ಮೇಲೆ ಒತ್ತಿಹಿಡಿದು ಅದರ ಕಾಲಿನ ಗರಿ ಕತ್ತರಿಸುತ್ತಿದ್ದ. ಬಾಯಲ್ಲಿ ರಮ್ಮು ತುಂಬಿಕೊಂಡು ಅದರ ಬರಿಮೈಗೆ ಫೂ ಎಂದು ಊದಿದ. ಬೆನಿಲ್ಡಾಳನ್ನು ಕಂಡು ಉಳಿದದ್ದನ್ನು ನುಂಗಿದ.

"ಬನ್ನಿ ಪೊಲೀಸಮ್ಮ. ಹುಂಜಾನೂ ದಸ್ತಗಿರಿ ಮಾಡ್ತೀರಾ?"

"ಒಂದೇ ಮಾತು ಕೇಳ್ಬೇಕಿತ್ತು. ಕರ್ನಲ್‌ಗೆ ಮದ್ದು ಚುಚ್ಚಿದ್ಯಾ?"

ಅವನ ಕತ್ತರಿ ನಿಂತಿತು.

ಅವನ ಸಿಟ್ಟು ಸುಮ್ಮನೆ ಬಂದದ್ದಲ್ಲ. ಅಂಕದಲ್ಲಿ ಚೀಟಿಯಿಲ್ಲ, ಸಾಕ್ಷಿಯಿಲ್ಲ. ಎದುರು ಸಾಲಿನವನ ಕಣ್ಣಿಗೆ ಕಣ್ಣು ಕೊಟ್ಟು ಕೂಗಿದ ಮಾತೇ ಪಣ. ಹುಂಜ ಬಿದ್ದ ಮೇಲೆ ಸೋತವನು ತಾನಾಗಿ ಎದ್ದು ಬಂದು ಗೆದ್ದವನ ಕೈಗೆ ಹಣ ಇಡುತ್ತಾನೆ. ಅಲ್ಲಿ ಮಾತಿಗೆ ತಪ್ಪಿದವನಿಗೆ ಮತ್ತೆ ಕೂರಲು ಹಲಗೆ ಸಿಗುವುದಿಲ್ಲ. ಲಿಬೊರಿಯೊನ ಅಪ್ಪ ಅದೇ ಹಲಗೆಯಲ್ಲಿ ಕೂತು ಕೂಗಿದ್ದ, ಅಜ್ಜನೂ ಕೂಗಿದ್ದ.

"ಇನ್ನೊಂದ್ಸಲ ಹೇಳಿ ಆ ಮಾತು," ಎಂದ ಲಿಬೊರಿಯೊ.

"ಮದ್ದು ಚುಚ್ಚಿದ್ಯಾ ಅಂದೆ."

"ನನ್ನ ತಮ್ಮನ ಮೇಲೆ ಹೇರಿದ್ದು ಸಾಲ್ದಾ? ಸತ್ತ ಹುಂಜದ ಮೇಲೂ ಹೇರ್ತೀರಾ? ಕರ್ನಲ್ ಸಮಾಧಿ ಮೇಲೆ ಕೈಯಿಟ್ಟು ಆಣೆ ಮಾಡ್ತೀನಿ, ಬನ್ನಿ."

"ಆಣೆ ಬೇಡ, ಲಿಬೊರಿಯೊ."

"ಯಾಕೆ ಬೇಡ? ಬನ್ನಿ ಅಂದ್ನಲ್ಲ! ಪೇರಲೆ ಮರದ ಹತ್ರ ಹೋಗೋಣ. ನೀವೂ ಕೇಳಿ, ಅಮ್ಮನೂ ಕೇಳ್ಲಿ."

ಅವನು ಹುಂಜವನ್ನು ಬಿಟ್ಟು ಎದ್ದೇಬಿಟ್ಟಿದ್ದ. ಬೆನಿಲ್ಡಾ ಅವನ ಮುಂಗೈ ಹಿಡಿದಳು. ಹೇಳಬಾರದೆಂದಿದ್ದ ಮಾತು ಇನ್ನು ಹೇಳದೆ ವಿಧಿಯಿರಲಿಲ್ಲ.

"ಆ ಸಮಾಧಿ ಖಾಲಿ ಕಣೋ. ಅಲ್ಲಿ ಹುಂಜ ಇಲ್ಲ. ಆವತ್ತೇ ನಿಮ್ಮಮ್ಮ ಅದನ್ನ ಸಾರು ಮಾಡಿದ್ರು. ಎದೆ ನಿನ್ನ ತಮ್ಮನ ತಟ್ಟೆಗೆ ಹೋಯ್ತು."

ಲಿಬೊರಿಯೊ ಅವಳನ್ನೇ ನೋಡಿದ. ಮೊದಲು ಅರ್ಥವಾಗದವನ ಹಾಗೆ, ಆಮೇಲೆ ಅರ್ಥವಾಗುವುದೇ ಬೇಡ ಎಂಬಂತೆ. ಕುಕ್ಕರಿಸಿ ಕುಳಿತ. ಬಿಟ್ಟ ಹುಂಜ ಅವನ ಕಾಲ ಸುತ್ತ ಸುಳಿದಾಡತೊಡಗಿತು.

"ನಾನು ದಿನಾ ಅಲ್ಲಿ ಜೋಳ ಹಾಕಿ ಬರ್ತಿದ್ದೆ," ಎಂದ.

"ಗೊತ್ತು. ನೋಡ್ದೆ."

"ನಾನು ಒಳಗೆ ಮಲಗಿದ್ದೆ. ಘಮ್ ಅಂತ ವಾಸನೆ ಬರ್ತಿತ್ತು. ಎಷ್ಟು ಚೆನ್ನಾಗಿ ವಾಸನೆ ಬರ್ತಿದೆ ಅನ್ಕೊಂಡೆ. ಎದ್ದು ಬಂದ್ರೆ ಅಮ್ಮ ಹುರುಳಿ ಹಾಕಿದ್ಳು." ಅವನು ಅಂಗೈಯಿಂದ ಮುಖ ಉಜ್ಜಿಕೊಂಡ. ನಗುತ್ತಿದ್ದನೋ ಅಳುತ್ತಿದ್ದನೋ ಹೇಳುವಂತಿರಲಿಲ್ಲ. "ರುಚಿಯಾಗಿತ್ತಂತಾ?"

"ಅದನ್ನ ನಾನು ಕೇಳ್ಲಿಲ್ಲ."

"ಇದ್ದಿರುತ್ತೆ. ಅವಳ ಕೈ ಅಂಥದ್ದು."

ಬೆನಿಲ್ಡಾ ಅವನ ಪಕ್ಕದಲ್ಲೇ ನೆಲದ ಮೇಲೆ ಕುಳಿತಳು. ಮತ್ತೆ ಎರಡನೆಯ ವಿದ್ಯೆ.

"ಎದೆಗೇ ಚುಚ್ಚಿದ್ದು," ಎಂದು ಲಿಬೊರಿಯೊ ನೆಲ ನೋಡುತ್ತ ಹೇಳಿದ. "ಎಣ್ಣೆ ಥರ ಇರುತ್ತೆ. ಒಂದು ಕಡೆ ಕೂತ್ರೆ ಬೇಗ ಕರಗಲ್ಲ. ಕರ್ನಲ್‌ಗೆ ವಯಸ್ಸಾಗ್ತಾ ಬಂದಿತ್ತು. ಸೋತು ಬರೋದನ್ನ ನೋಡೋಕಾಗಲ್ಲ ಅಂತ ಚುಚ್ಚಿದೆ. ಎದುರು ಸಾಲಲ್ಲಿ ಕೂತೋರು ನನ್ನ ಮುಖ ನೋಡಿ ಪಣ ಕಟ್ಟಿದ್ರು. ನಮ್ಮಪ್ಪನ ಮುಖಾನೂ ಇದೇ ಅಲ್ವಾ."

"ಸೋಮವಾರ ಇದನ್ನ ಲೀಗಿನೋರ ಮುಂದೆ ಹೇಳ್ಬೇಕಾಗುತ್ತೆ. ಊರಿಗೆಲ್ಲ ಗೊತ್ತಾಗುತ್ತೆ."

"ಗೊತ್ತಾಗ್ಲಿ. ಮತ್ತೆ ನನ್ನ ಕೂಗಿಗೆ ಯಾರೂ ಓಗೊಡಲ್ಲ, ಅಷ್ಟೇ ತಾನೆ? ತಪ್ಪು ಮಾಡಿದೋನು ನಾನು. ಬೈಸ್ಕೊಳ್ತಿರೋನು ಅವನು." ಅವನು ಮರಿಹುಂಜವನ್ನು ಎತ್ತಿ ಎದೆಗೊತ್ತಿಕೊಂಡ. "ಅಮ್ಮನಿಗೆ ಹೇಳಿ, ನಂಗೆ ಕೋಪ ಇಲ್ಲ ಅಂತ. ಇಲ್ಲ ಬಿಡಿ, ನಾನೇ ಹೇಳ್ತೀನಿ. ಆದ್ರೆ ಇವತ್ತು ಬೇಡ."

ಕಷ್ಟದ ಕೆಲಸ ಮುಗಿಯಿತೆಂದು ಬೆನಿಲ್ಡಾಳಿಗೆ ಅನ್ನಿಸಿದ್ದು ಆಗಲೇ. ಮೋಟಾರು ಬೈಕಿನ ಹಿಂದೆ ಕೂತು ವಿಟೆರ್ಬೊನ ಮನೆಯ ಕಡೆ ಹೊರಟವಳು ದಾರಿಯುದ್ದಕ್ಕೂ ಮನಸ್ಸಿನಲ್ಲೇ ವರದಿ ಬರೆದಳು. ಇನ್ನು ಒಂದೇ ಒಂದು ಮಾತು ಬೇಕಿತ್ತು, ವಿಟೆರ್ಬೊನ ಬಾಯಿಂದ: ಹೌದು, ನಾನು ತಿಂದೆ.

ಮನೆಯ ಕಿಟಕಿಗಳೆಲ್ಲ ಮುಚ್ಚಿದ್ದವು. ಹಗಲಿನಲ್ಲೇ ದೀಪ ಹಾಕಿಕೊಂಡು ವಿಟೆರ್ಬೊ ಅಡುಗೆಮನೆಯ ಮೇಜಿನ ಮುಂದೆ ಒಬ್ಬನೇ ಕೂತಿದ್ದ. ಹೆಂಡತಿ ಮಕ್ಕಳು ಮಾವನ ಮನೆಗೆ ಹೋಗಿದ್ದರು. ಗೇಟಿಗೆ ಕಲ್ಲು ಬಿದ್ದ ದಿನ ಅವನೇ ಕಳಿಸಿದ್ದ. ಸೆಖೆಗೆ ಬನಿಯನ್ನು ಬೆನ್ನಿಗಂಟಿತ್ತು. ಎಸೆಯುವ ಬಲತೋಳು ಎಡತೋಳಿಗಿಂತ ಚೂರು ಉದ್ದವಾಗಿ, ಯಾರೋ ಅಲ್ಲಿ ಇಟ್ಟು ಮರೆತುಹೋದ ಸಾಮಾನಿನ ಹಾಗೆ ಮೇಜಿನ ಮೇಲೆ ಬಿದ್ದಿತ್ತು.

"ಕಾಫಿ ಕುಡೀತೀಯಾ ಅಕ್ಕ? ಹಾಲಿಲ್ಲ. ತರೋಕೆ ಹೋಗಿಲ್ಲ."

"ಕಾಫಿ ಆಮೇಲೆ. ಮೊದಲು ಈ ಸುದ್ದಿ ಕೇಳು."

ಅವಳು ಎಲ್ಲ ಹೇಳಿದಳು. ತಾಯಿ ಹುಂಜ ಬೇಯಿಸಿದ್ದಕ್ಕೆ ಬಂದಾಗ ವಿಟೆರ್ಬೊ ಬಾಯಿ ತೆರೆದು ನಕ್ಕ. ಎಷ್ಟೋ ದಿನದ ಮೇಲೆ ನಕ್ಕವನ ನಗು, ಕೆಮ್ಮಿನಲ್ಲಿ ಮುಗಿಯಿತು. ಲಿಬೊರಿಯೊ ತಪ್ಪೊಪ್ಪಿಕೊಂಡದ್ದಕ್ಕೆ ಬಂದಾಗ ತಲೆ ತಗ್ಗಿಸಿದ. ಅವಳು ಮುಗಿಸಿದ ಮೇಲೂ ತಲೆಯೆತ್ತಲಿಲ್ಲ.

"ಏನೋ ಹೀಗೆ ಕೂತೆ? ನೀನು ಉಳ್ಕೊಂಡೆ!"

"ಅಕ್ಕ, ನಾನು ತಿನ್ನಲಿಲ್ಲ."

"ಏನು?"

"ಆ ಮಾಂಸ ನಾನು ತಿನ್ನಲಿಲ್ಲ. ಒಲೆ ಹಿಂದೆ ಹಸಿರು ಗರಿ ಬಿದ್ದಿತ್ತು, ನೋಡ್ಬಿಟ್ಟೆ. ಒಳಗೆ ಅಣ್ಣ ಅಳ್ತಾ ಮಲಗಿದಾನೆ. ಅವನ ಹುಂಜಾನ ಬಾಯಿಗೆ ಹೇಗೆ ಇಡ್ಲಿ? ಬೇಡ ಅಂದ್ರೆ ಅಮ್ಮ ನೊಂದ್ಕೋತಾಳೆ. ಅವಳು ಆ ಕಡೆ ತಿರುಗ್ದಾಗ ನನ್ನ ತಟ್ಟೆ ರಾದಮೆಸ್ ಕಡೆ ತಳ್ದೆ. ಅವನಿಗೇನು, ಗರಿಯೂ ಕಂಡಿರ್ಲಿಲ್ಲ, ಏನೂ ಗೊತ್ತಿರ್ಲಿಲ್ಲ. ಎರಡೂ ತುಂಡು ತಿಂದ, ಸಾರೂ ಕುಡಿದ. ನಾನು ಬೆಣ್ಣೆಹಣ್ಣು ತಿಂದು ಎದ್ದೆ."

ಬೆನಿಲ್ಡಾ ಕಟ್ಟಿದ ವರದಿಯೆಲ್ಲ ಕುಸಿದುಬಿತ್ತು. ಸಿಟ್ಟು ನೆತ್ತಿಗೇರಿತು. ಸಿಟ್ಟು ಅವನ ಮೇಲೂ ಅಲ್ಲ, ಹಾಗೆಂದು ಬೇರೆ ಯಾರ ಮೇಲೂ ಅಲ್ಲ.

"ಇದನ್ನ ನೀನು ಹೇಳದೇ ಇರಬಹುದಿತ್ತಲ್ಲೋ, ಮಂಕೇ! ಹೌದು ಅಂದಿದ್ರೆ ಮುಗೀತಿತ್ತು."

"ನೀನು ಕೇಳ್ದೆ, ಅದಕ್ಕೆ ಹೇಳ್ದೆ. ಇಲ್ಲದ್ದನ್ನ ಹೇಳಿ ಗೆದ್ರೆ ಗೋಡೆ ಮೇಲೆ ಸೂಜಿ ಬರೆದೋನು ಸರಿ ಅಂತ ಆಗುತ್ತೆ. ಹೊರಗೆ ಹೋದ್ರೆ ಜನ ನನ್ನ ತೋಳು ನೋಡ್ತಾರೆ ಅಕ್ಕ, ಮುಖ ನೋಡಲ್ಲ. ನಾನು ಏನೂ ಚುಚ್ಕೊಂಡಿಲ್ಲ. ಅದೊಂದೇ ನನ್ನ ಹತ್ರ ಉಳಿದಿರೋದು."

ಅವಳು ಅವನನ್ನು ನಂಬಿದಳು. ಕಾರಣ ಕೇಳಿದರೆ ಹೇಳಲಾಗದು. ಉಳಿಸುವ ಸುಳ್ಳನ್ನು ಕೈಗಿಟ್ಟಾಗ ಬೇಡವೆಂದು ಹಿಂದಕ್ಕೆ ಕೊಟ್ಟವನನ್ನು ನಂಬದೆ ಇನ್ನು ಯಾರನ್ನು ನಂಬುವುದು? ಆದರೆ ಚುಚ್ಚಿಕೊಂಡಿಲ್ಲ, ತಿಂದೂ ಇಲ್ಲ ಎಂದ ಮೇಲೆ ಮದ್ದು ಅವನ ಬಾಟಲಿಗೆ ಬಂದದ್ದೆಲ್ಲಿಂದ?

"ಆವತ್ತು ಮೂತ್ರ ಕೊಟ್ಟಿದ್ದು ನೀನೊಬ್ಬನೇನಾ?"

"ಇಲ್ಲ, ನಾನು, ರಾದಮೆಸ್. ಇಬ್ರ ಹೆಸರೂ ಬಂದಿತ್ತು. ಸಿಕ್ಕಿಬಿದ್ದೋರ ಹೆಸರು ಮಾತ್ರ ಹೊರಗೆ ಬರುತ್ತೆ, ಉಳಿದೋರದ್ದು ಹೇಳಲ್ಲ. ಅವನದು ಏನೂ ಇಲ್ಲ ಅಂತ ಬಂತು, ಪುಣ್ಯಕ್ಕೆ."

"ಎರಡು ಪಾಲು ತಿಂದೋನದು ಏನೂ ಇಲ್ಲ ಅಂತ ಬಂತಾ?"

ವಿಟೆರ್ಬೊ ತನ್ನ ಮುಂದಿದ್ದ ಕಾಫಿಯ ಬಟ್ಟಲನ್ನು ಬಾಯಿಯವರೆಗೆ ಎತ್ತಿದವನು ಒಂದು ಗುಟುಕು ಕುಡಿದು ಕೆಳಗಿಟ್ಟ.

"ಆ ಕೋಣೇಲಿ ಏನಾಯ್ತು? ಒಂದೂ ಬಿಡದೆ ಹೇಳು."

"ಏನಾಗುತ್ತೆ? ಆಟ ಮುಗಿದಿತ್ತು, ಇಬ್ರಿಗೂ ಮೈಯಲ್ಲಿ ನೀರಿರ್ಲಿಲ್ಲ. ಎಳನೀರು ಕುಡಿದು ಕುಡಿದು ಕೊನೆಗೆ ಒಟ್ಟಿಗೇ ಬಂತು. ಲೋಟ ಎರಡನ್ನೂ ಮೇಜಿನ ಮೇಲೆ ಇಟ್ವಿ. ಬಾಟಲಿಗೆ ಸುರೀಬೇಕು ಅನ್ನೋವಾಗ ಕರೆಂಟ್ ಹೋಯ್ತು."

ಕರೆಂಟು ಹೋಗುವುದು ಅಲ್ಲಿ ಸುದ್ದಿಯಲ್ಲ. ಬೆನಿಲ್ಡಾ ಮುಂದೆ ಹೇಳು ಎಂದು ಕೈ ಮಾಡಿದಳು.

"ಕಿಟಕಿ ಇಲ್ಲದ ಕೋಣೆ. ಲೀಗಿನೋನು ಬಾಗಿಲು ತೆಗೆದು ಜನರೇಟರಿನೋನ್ನ ಬೈತಾ ನಿಂತ. ಬೆಳಕು ಬಂದಾಗ ರಾದಮೆಸ್ ಒಂದು ಲೋಟ ಎತ್ತಿ ನನ್ನ ಕೈಗೆ ಕೊಟ್ಟ. ನಾನು ನನ್ನ ಬಾಟಲಿಗೆ ಸುರಿದು ಮುಚ್ಚಿದೆ."

"ಅವನು ಯಾಕೆ ಕೊಟ್ಟ? ನೀನೇ ತಗೊಳ್ಳೋಕೆ ಕೈ ಇರ್ಲಿಲ್ವಾ?"

ವಿಟೆರ್ಬೊ ನಾಚಿಕೊಂಡ. ಅಷ್ಟು ದೊಡ್ಡ ಆಳು ನಾಚಿಕೊಂಡದ್ದು ನೋಡಲು ಚೆನ್ನಾಗಿತ್ತು.

"ನಾನು ಎಸೆಯೋ ದಿನ ಯಾವುದನ್ನೂ ನಾನಾಗಿ ಮುಟ್ಟಲ್ಲ. ಚೆಂಡಾಗ್ಲಿ, ಟವೆಲ್ಲಾಗ್ಲಿ, ನೀರಾಗ್ಲಿ, ಅವನೇ ನನ್ನ ಕೈಗೆ ಕೊಡ್ಬೇಕು. ಶುರುವಿನಿಂದ ಹಾಗೇ. ಒಂದ್ಸಲ ತಪ್ಪಿದಾಗ ಸೋತ್ವಿ, ಆಮೇಲೆ ತಪ್ಪಿಸಿಲ್ಲ. ಎಲ್ಲಾ ಪಿಚರ್‌ಗಳಿಗೂ ಒಂದೊಂದು ಹುಚ್ಚು ಇರುತ್ತೆ ಅಕ್ಕ."

ಬೆನಿಲ್ಡಾ ಮೇಜಿನ ಮೇಲೆ ಎರಡೂ ಕೈಯೂರಿದಳು.

"ವಿಟೆರ್ಬೊ, ಆ ಬಾಟಲೀಲಿ ಇರೋದು ನಿನ್ನದಲ್ಲ."

ಅವನು ಅವಳ ಮುಖ ನೋಡಿದ. ಬ್ಯಾಟು ಹಿಡಿದು ನಿಂತವನ ಮನಸ್ಸು ಓದಿ ಬದುಕಿದವನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಮುಖ ಅರಳಿತು. ನಿಜವಾಗಿ ಅರಳಿತು, ಬೆನಿಲ್ಡಾ ಕಣ್ಣಾರೆ ಕಂಡಳು. ಮರುಗಳಿಗೆ ಅದೇ ಮುಖ ಬಿಳಿಚಿತು.

"ಅಂದ್ರೆ ರಾದಮೆಸ್‌ದು," ಎಂದ.

"ಅವನದೂ ತಪ್ಪಿಲ್ಲ. ಸಾರು ಕುಡಿದ, ಅಷ್ಟೇ. ನಿಮ್ಮಣ್ಣ ಹೇಗೂ ಒಪ್ಕೊಳ್ತಾನೆ. ನಾನೇ ಲೀಗಿನೋರಿಗೆ ಬಿಡಿಸಿ ಹೇಳ್ತೀನಿ."

"ಲೀಗಿನೋರಿಗೆ ಹೇಳ್ತೀಯ. ಉತ್ತರದೋರಿಗೆ?" ವಿಟೆರ್ಬೊ ಎದ್ದು ನಿಂತ. "ಅಮೆರಿಕದ ದೊಡ್ಡ ತಂಡದೋರು ಅವನನ್ನ ಕರೆದಿದಾರೆ ಅಕ್ಕ. ಮುಂದಿನ ವಾರ ಹೋಗ್ಬೇಕು. ಮೊಣಕಾಲು ಎರಡು ಸಲ ಕೊಯ್ಸಿಕೊಂಡು ಇದಕ್ಕೇ ಕಾದಿದ್ದ. ನನ್ನದು ಮುಗೀತಾ ಬಂದ ಆಟ. ಅವನದು ಈಗ ಶುರು. ಹೆಸರು ಒಂದ್ಸಲ ಅಲ್ಲಿ ಬಿದ್ರೆ ಅವರು ವಿಚಾರಣೆ ಮುಗಿಯೋವರೆಗೂ ಕಾಯ್ತಾರಾ? ಬೇರೆ ಕ್ಯಾಚರ್ ಸಿಗಲ್ವಾ? ನನ್ನ ನೋಡು. ಒಂದು ವಾರದಲ್ಲಿ ಏನು ಮಾಡಿದ್ರು ಜನ ನನ್ನನ್ನ!"

"ಅದಕ್ಕೆ?"

"ಅದಕ್ಕೆ ನಾನು ತಿಂದೆ. ಎದೆತುಂಡು ನಾನೇ ತಿಂದೆ. ಸೋಮವಾರ ಹಾಗೇ ಹೇಳ್ತೀನಿ."

"ಈಗ ತಾನೇ ಏನು ಹೇಳ್ದೆ ನೀನು? ಅದೊಂದೇ ಉಳಿದಿರೋದು ಅಂದ್ಯಲ್ಲ!"

"ಅಂದೆ." ಅವನು ಮುಚ್ಚಿದ ಕಿಟಕಿಯ ಕಡೆ ತಿರುಗಿದ. "ಅದು ನನಗೊಬ್ಬನಿಗೇ ಸಂಬಂಧಪಟ್ಟದ್ದು ಅನ್ಕೊಂಡಿದ್ದೆ, ಆಗ."

ಬೆನಿಲ್ಡಾಳಿಗೆ ಫಾಬಿಯಾನ್ ನೆನಪಾದ, ಅವನ ಮಗ ನೆನಪಾದ. ಒಳ್ಳೆಯತನದಿಂದ ಹೇಳಿದ ಸುಳ್ಳೂ ಸುಳ್ಳೇ ಅಲ್ಲವೇ? ಇವತ್ತು ಎಲ್ಲರನ್ನೂ ಉಳಿಸಿ, ನಾಳೆ ಬಯಲಾದ ದಿನ ಊರಿಗೆ ಊರನ್ನೇ ಪೆದ್ದನನ್ನಾಗಿ ಮಾಡುತ್ತದೆ.

"ಸುಳ್ಳು ನಿಲ್ಲಲ್ಲ ಕಣೋ," ಎಂದಳು. "ಅವರ ಹತ್ರ ಅದೇ ಮೂತ್ರದ ಎರಡನೇ ಬಾಟಲಿ ಇದೆ. ಅದು ಯಾರ ಮೈಯಿಂದ ಬಂದದ್ದು ಅಂತ ಪ್ರಯೋಗಾಲಯದಲ್ಲಿ ಹೇಳೋಕಾಗುತ್ತೆ. ನಿನ್ನ ಒಂದು ತೊಟ್ಟು ಎಂಜಲು ಸಿಕ್ರೆ ಸಾಕು."

"ಕೊಡಲ್ಲ."

"ಕೊಡ್ಲೇಬೇಕಾಗಿಲ್ಲ."

ಬಾಯಿ ಜಾರಿತು. ಜಾರಿದ್ದು ಬಾಯೊಂದೇ ಅಲ್ಲ, ಕಣ್ಣೂ ಜಾರಿತು. ಅವಳು ಮೇಜಿನ ಮೇಲಿದ್ದ, ಅವನು ಅರ್ಧ ಕುಡಿದಿಟ್ಟ ಕಾಫಿಯ ಬಟ್ಟಲನ್ನು ನೋಡಿದ್ದನ್ನು ವಿಟೆರ್ಬೊ ನೋಡಿದ.

ಇಬ್ಬರೂ ಅಲುಗಾಡಲಿಲ್ಲ. ಬಟ್ಟಲು ಇಬ್ಬರಿಗೂ ಅಷ್ಟೇ ದೂರದಲ್ಲಿತ್ತು. ಬೆನಿಲ್ಡಾ ಕೈ ಚಾಚಿದ್ದರೆ ಸಿಗುತ್ತಿತ್ತೇನೋ. ಚಾಚಲಿಲ್ಲ.

ವಿಟೆರ್ಬೊ ಬಟ್ಟಲನ್ನು ಎತ್ತಿಕೊಂಡು ನಲ್ಲಿಯ ಬಳಿಗೆ ಹೋದ. ಕಾಫಿ ಚೆಲ್ಲಿದ. ಸೋಪು ಹಚ್ಚಿ, ಅಂಚನ್ನೆಲ್ಲ ಹೆಬ್ಬೆರಳಿನಿಂದ ಉಜ್ಜಿ, ತೊಳೆದ. ಮತ್ತೆ ಸೋಪು ಹಚ್ಚಿ ಮತ್ತೆ ತೊಳೆದ. ತಾನು ತಪ್ಪು ಮಾಡಿಲ್ಲವೆಂದು ಜಗತ್ತಿಗೆ ಹೇಳಬಲ್ಲ ಒಂದೇ ಸಾಕ್ಷಿಯನ್ನು ಮನುಷ್ಯನೊಬ್ಬ ಅಷ್ಟು ಜೋಪಾನವಾಗಿ ತೊಳೆಯುವುದನ್ನು ಬೆನಿಲ್ಡಾ ತನ್ನ ಇಷ್ಟು ವರ್ಷದ ಕೆಲಸದಲ್ಲಿ ಕಂಡಿರಲಿಲ್ಲ. ಅವಳ ಕಣ್ಣು ತುಂಬಿತು.

"ಸೋಮವಾರ ನಿನ್ನನ್ನೂ ಕೇಳ್ತಾರೆ ಅಕ್ಕ," ಎಂದ, ಬೆನ್ನು ತಿರುಗಿಸಿಕೊಂಡೇ. "ಏನು ಹೇಳ್ತೀಯ?"

ಅವಳು ಉತ್ತರಿಸುವ ಮೊದಲೇ ಗೇಟು ಸದ್ದಾಯಿತು. ಹೆಜ್ಜೆಗಳು ಅಂಗಳ ದಾಟಿ ಬಾಗಿಲ ಮುಂದೆ ನಿಂತವು.

"ಕಂಪಾದ್ರೆ."

ರಾದಮೆಸ್‌ನ ದನಿ. ಬೀದಿಯ ತುದಿಯಿಂದಲೇ ಹಾಡಿಕೊಂಡು ಬರುವವನ ದನಿಯಲ್ಲಿ ಇವತ್ತು ಹಾಡಿರಲಿಲ್ಲ.

"ಬಾಗಿಲು ತೆಗಿ, ಕಂಪಾದ್ರೆ. ನಿಮ್ಮಮ್ಮನ ಮನೆಯಿಂದ ಬರ್ತಿದೀನಿ. ಒಂದೇ ಸಮ ಅಳ್ತಾ ಕೂತಿದಾರೆ. ಆ ಹುಂಜದ ವಿಷಯ ಎಲ್ಲಾ ಹೇಳಿದ್ರು. ಒಂದು ಪಾಲು ನಿನಗೆ, ಒಂದು ನನಗೆ ಅಂತ ಹೇಳ್ತಿದಾರೆ ಪಾಪ. ಎರಡೂ ತಿಂದೋನು ನಾನಲ್ವೇನೋ?"

ವಿಟೆರ್ಬೊ ಒದ್ದೆ ಬಟ್ಟಲನ್ನು ಕೈಯಲ್ಲೇ ಹಿಡಿದು ಬೆನಿಲ್ಡಾಳ ಕಡೆ ನೋಡಿದ.

"ನಾನು ತಿಂದೆ," ಎಂದು ಅವಳಿಗೆ ಮಾತ್ರ ಕೇಳುವಂತೆ ಹೇಳಿ, ಬಾಗಿಲು ತೆಗೆಯಲು ಹೋದ.